ತಿಪ್ಪೆಯಿಂದ ಬಂದ ಮಾದರಿ

ಮಣ್ಣು ಪರೀಕ್ಷೆ ಮಾಡುವ ನನಗೆ ಅಂಥ ಮಣ್ಣು ಅದುವರೆಗೆ ಸಿಕ್ಕಿರಲಿಲ್ಲ. ಮೋಟೆಬೆನ್ನೂರಿನ ರೈತ ಮಹಿಳೆ ಫಾತಿಮಾಬಿ ಕಳಿಸಿದ ಚೀಲದಲ್ಲಿ ಇಂಗಾಲ ಎಷ್ಟಿತ್ತೆಂದರೆ, ನಾನೇ ಎಲ್ಲೋ ತಪ್ಪಿದೆನೆಂದು ಮೂರು ಸಲ ಪರೀಕ್ಷಿಸಿದೆ. ಹಾಗೇ ವರದಿ ಕೊಟ್ಟರೆ ಮಣ್ಣು ಫಲವತ್ತಾಗಿದೆಯೆಂದು ನಂಬಿ ಅವರು ಮುಂದಿನ ಹಂಗಾಮಿಗೆ ಹೊಲಕ್ಕೆ ಗೊಬ್ಬರವನ್ನೇ ಹಾಕುತ್ತಿರಲಿಲ್ಲ. ಹಾವೇರಿಯಲ್ಲಿ ಬಸ್ಸು ಹತ್ತಿ ಅವರ ಮನೆಗೇ ಹೋದೆ.

"ಅಮ್ಮಾರ, ಈ ಮಣ್ಣು ಎಲ್ಲಿಂದ ತಗದ್ರಿ?"

"ತಿಪ್ಪಿ ಬಾಜೂಕಿಂದ," ಎಂದರು, ಸ್ವಲ್ಪವೂ ಅಳುಕದೆ. "ಮಾದರಿ ಅಂದಮ್ಯಾಲೆ ಚಲೋದ ಕೊಡಬೇಕಲ್ರೀ. ಬ್ಯಾಡಗಿ ಮಾರ್ಕೆಟ್ಟಿಗೆ ಒಯ್ಯುವಾಗ ಚೀಲದ ಬಾಯಾಗ ಬಣ್ಣಗೆಟ್ಟ ಮೆಣಸಿನಕಾಯಿ ಇಡತೀವೇನು?"

ನಾನು ಅವರ ಪಡಸಾಲೆಯಲ್ಲೇ ಭಾಷಣ ಶುರು ಮಾಡಿದೆ. ನಾವು ಬಿಟ್ಟ ಉಸಿರಿನ ಇಂಗಾಲವನ್ನು ಗಿಡ ಎಲೆಯಲ್ಲಿ ಹಿಡಿಯುತ್ತದೆ, ಎಲೆಯನ್ನು ಎಮ್ಮೆ ತಿನ್ನುತ್ತದೆ, ಸಗಣಿಯಾಗಿ ಅದು ತಿಪ್ಪೆ ಸೇರುತ್ತದೆ. ತಿಪ್ಪೆಯಲ್ಲೇ ಕುಳಿತರೆ ಹೊಲಕ್ಕೇನು ಬಂತು? ಅವರು ಕೊಟ್ಟ ಚಹಾ ಆರಿಹೋದರೂ ನಾನು ಬಿಡಲಿಲ್ಲ.

ಫಾತಿಮಾಬಿ ಗುದ್ದಲಿ ಎತ್ತಿಕೊಂಡರು. "ಖರೇ ಹೇಳ್ರಿ. ನೀವು ಮಾತಾಡುವಾಗ ಬಿಡೋ ಉಸಿರೂ ಗಿಡಕ್ಕ ಬೇಕಾಗತೈತೇನು?"

"ಹೌದ್ರಿ."

"ಹಂಗಾರ ಉಳಿದಿದ್ದು ಹೊಲದಾಗ ನಿಂತು ಹೇಳ್ರಿ. ಇಲ್ಲಿ ಬರೇ ಗ್ವಾಡಿ ಅದಾವು."

ಹೋದೆವು. ಅವರು ಹೊಲದ ನಾಲ್ಕೂ ಕಡೆ ಅಗೆದು ಹೊಸ ಮಾದರಿ ತೆಗೆಯುವಷ್ಟು ಹೊತ್ತೂ ನಾನು ಮೆಣಸಿನ ಗಿಡಗಳ ನಡುವೆ ನಿಂತು ಮಾತಾಡಿದೆ. ನನ್ನ ಭಾಷಣಕ್ಕೆ ಒಬ್ಬರೂ ಆಕಳಿಸದ ಸಭೆ ಸಿಕ್ಕಿದ್ದು ಇವತ್ತಿಗೂ ಅದೊಂದೇ.