ಮೊಳೆಗೆ ತೂಗುಹಾಕಿದ ದಾರ

ಹಾರವಾಡದ ಕಡೆಯ ಸಿಗಡಿ ಕಾರ್ಖಾನೆಯ ಹಿರಿಯ ಮ್ಯಾನೇಜರರನ್ನು ನೆನೆದಾಗಲೆಲ್ಲ ನನಗೆ ಸುರಗಿ ಹೂವಿನ ವಾಸನೆ ಬರುತ್ತದೆ.

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ಸಿಗಡಿ ಪರದೇಶಕ್ಕೆ ಹೋಗುವುದರಿಂದ ಸ್ವಚ್ಛತೆಯ ಹೊಸ ನಿಯಮಗಳು ಬಂದಿದ್ದವು. ಹೂವು, ಬಳೆ, ದಾರ ಎಲ್ಲವನ್ನೂ ಬಾಗಿಲ ಪಕ್ಕದ ಮೊಳೆಗಳಿಗೆ ತೂಗುಹಾಕಿಯೇ ಒಳಗೆ ಹೋಗಬೇಕು. ಎಲ್ಲರ ತಲೆ, ಕೈ ನೋಡಿ ಒಳಬಿಡುವ ಕೆಲಸ ನನ್ನದು. ಮ್ಯಾನೇಜರ್ ಸಾಹೇಬರು ಬಂದರೆ ಮಾತ್ರ ಏನೂ ನೋಡದೆ ನಮಸ್ಕಾರ ಹೊಡೆದು ಬಾಗಿಲು ತೆಗೆಯುತ್ತಿದ್ದೆ.

ಒಂದು ಬೆಳಿಗ್ಗೆ ಕಡಲಿನ ಮಂಜು ಬಾಗಿಲವರೆಗೂ ಬಂದಿತ್ತು. ಬಿಳಿ ನಿಲುವಂಗಿಯ ಹೆಂಗಸರ ಸಾಲು ಮೋಡದೊಳಗೆ ನಿಂತಂತಿತ್ತು. ಸಿಗಡಿ ಸುಲಿಯುವ ಒಬ್ಬಾಕೆ ಮುಡಿಯ ಸುರಗಿ ದಂಡೆ ತೆಗೆಯಲು ಒಪ್ಪಲಿಲ್ಲ. ಆಗಷ್ಟೇ ಬಂದ ಸಾಹೇಬರ ಮಣಿಕಟ್ಟನ್ನೇ ನೋಡಿ ಕೇಳಿದಳು:

"ನಮ್ಮ ಹೂಂಗೆ ಮಾತ್ರ ಕಾನೂನು, ನಿಮ್ಮ ದಾರಕ್ಕೆ ಇಲ್ವಾ ಸಾಯ್ಬ್ರೆ?"

ಅದು ಅವರ ಕುಲದೇವರ ದಾರ. ಅವಳ ಕೆಲಸ ಹೋಯಿತೆಂದೇ ನಾನು ತಿಳಿದೆ. ಸಾಹೇಬರು ಹಲ್ಲಿನಿಂದ ಗಂಟು ಬಿಚ್ಚಿದರು, ದಾರವನ್ನು ಕಣ್ಣಿಗೊತ್ತಿಕೊಂಡು ಮೊಳೆಗೆ ತೂಗುಹಾಕಿದರು. ಆಮೇಲೆ ಸಾಲಿನ ಕೊನೆಗೆ ಹೋಗಿ ನಿಂತರು. ಅವಳೂ ದಂಡೆ ತೆಗೆದು ಅದೇ ಮೊಳೆಗೆ ಹಾಕಿದಳು.

ಸರದಿ ಬಂದಾಗ ಅವರು ಎರಡೂ ಅಂಗೈ ಚಾಚಿದರು. "ನಂದೂ ನೋಡು ಮಾರಾಯಾ."

ಮರುದಿನದಿಂದ ದಿನಾ ಅದೇ ಸಾಲು, ಅದೇ ಅಂಗೈ, ಅದೇ ಮಾತು. ಸಂಜೆ ಸುರಗಿ ವಾಸನೆ ಹತ್ತಿದ ಆ ದಾರವನ್ನು ಮೂಗಿಗೆ ಹಿಡಿದು ಕ್ಷಣ ಕಣ್ಣು ಮುಚ್ಚಿ, ಮತ್ತೆ ಕಟ್ಟಿಕೊಳ್ಳುತ್ತಿದ್ದರು.

ಅವರು ವರ್ಗವಾಗಿ ಹೋದರು. ಹೊಸ ಸಾಹೇಬರು ಮೊದಲ ದಿನ ನೇರವಾಗಿ ಬಾಗಿಲಿಗೆ ಬಂದರು. ಹಿಂದೆ ಹೆಂಗಸರ ಸಾಲು ನನ್ನನ್ನೇ ನೋಡುತ್ತಿತ್ತು. ನಾನು ನಮಸ್ಕಾರ ಹೊಡೆದೆ. ಬಾಗಿಲು ಮಾತ್ರ ತೆಗೆಯಲಿಲ್ಲ.

"ಕೈ ತೋರ್ಸಿ ಸಾಯ್ಬ್ರೆ" ಎಂದೆ.