ಅಮ್ಮ ಕಾಶಿಯಲ್ಲಿ ಬಿಟ್ಟ ಹಣ್ಣು

ಮಲ್ಲೇಶ್ವರದ ನಮ್ಮ ಶಾಲೆಯಲ್ಲಿ ಆ ವರ್ಷ ಹೊಸ ಹುಕುಂ ಬಂತು. ತರಗತಿಯಲ್ಲಿ ಯಾರ ಮನೆಯಲ್ಲೂ ಮಾಡದ ಹಬ್ಬವೊಂದನ್ನು ಮಕ್ಕಳಿಗೆ ಆಟದ ಹಾಗೆ ಕಲಿಸಬೇಕು. ನಾನು ಯಹೂದಿಗಳ ಮರಗಳ ಹಬ್ಬ ಆರಿಸಿಕೊಂಡೆ. ಚಳಿ ಮುಗಿಯುವ ಹೊತ್ತಿಗೆ ಬರುವ ಆ ದಿನ ಅವರಿಗೆ ಮರಗಳ ಹೊಸ ವರ್ಷ. ಹಣ್ಣು ತಿನ್ನುತ್ತಾರೆ, ಸಸಿ ನೆಡುತ್ತಾರೆ. ಎರಡನೇ ಕ್ಲಾಸಿಗೆ ಇದಕ್ಕಿಂತ ಸಲೀಸಾದ ಹಬ್ಬ ಯಾವುದಿದೆ ಎಂದು ಬೀಗಿದ್ದೆ.

ಬೆಂಚುಗಳನ್ನು ಗೋಡೆಗೆ ತಳ್ಳಿ ಜಮಖಾನ ಹಾಸಿದೆ. ಸಿಪ್ಪೆ ಸುಲಿದು ತಿನ್ನುವ ಹಣ್ಣು ಒಂದು ತಟ್ಟೆಗೆ, ಒಳಗೆ ಗಟ್ಟಿ ಬೀಜವಿರುವುದು ಇನ್ನೊಂದಕ್ಕೆ, ಇಡಿಯಾಗಿ ತಿನ್ನುವುದು ಮೂರನೆಯದಕ್ಕೆ. ಮಕ್ಕಳೇ ವಿಂಗಡಿಸಬೇಕು. ಆಮೇಲೆ ತಾವು ತಂದ ಹಣ್ಣನ್ನು ಜೊತೆಗೆ ಬಂದ ಅಜ್ಜಿಗೋ ತಾತನಿಗೋ ತಿನ್ನಿಸಬೇಕು, ಅವರು ತಮ್ಮ ಕಾಲದ ಒಂದು ಮರದ ಕಥೆ ಹೇಳಬೇಕು. ಕೊನೆಗೆ ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಬೀಜ ಊರುವುದು. ಅಜ್ಜಿಯರು ನಾಚಿಕೊಂಡು ತಟ್ಟೆ ಪಕ್ಕಕ್ಕಿಡುತ್ತಾರೆಂದು ನನಗೆ ಗೊತ್ತು. ಅದಕ್ಕೇ ಶುರುವಿನಲ್ಲೇ ಗಟ್ಟಿಯಾಗಿ ಹೇಳಿಬಿಟ್ಟೆ: "ಮಕ್ಕಳು ಕೊಟ್ಟಿದ್ದನ್ನ ಯಾರೂ ಬೇಡ ಅನ್ನೋ ಹಾಗಿಲ್ಲ. ಇವತ್ತು ನಾನು ಹೇಳಿದ್ದೇ ಕಾನೂನು."

ಒಬ್ಬ ಹುಡುಗಿಗೆ ಅಜ್ಜಿ ತಾತ ಯಾರೂ ಇರಲಿಲ್ಲ. ಹಿಂದಿನ ದಿನ ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅವಳಿಗಾಗಿ ನನ್ನ ಅಮ್ಮನನ್ನೇ ಕರೆತಂದಿದ್ದೆ.

ಆ ಹುಡುಗಿ ಚೀಲದಿಂದ ತೆಗೆದದ್ದು ಸೀಬೆಹಣ್ಣು. ಕಾಶಿಗೆ ಹೋದವರು ಒಂದು ಹಣ್ಣನ್ನು ಜೀವನಪೂರ್ತಿ ಬಿಡುವುದು ನಮ್ಮಲ್ಲಿ ವಾಡಿಕೆ. ಕೆಲವರು ಬಾಯಿಗೆ ಸೇರದ್ದನ್ನೇ ಬಿಟ್ಟು ಜಾಣರಾಗುತ್ತಾರೆ. ಅಮ್ಮ ಹಾಗಲ್ಲ. ಅಪ್ಪ ತೀರಿಕೊಂಡ ವರ್ಷ ಕಾಶಿಗೆ ಹೋಗಿ ಸೀಬೆ ಬಿಟ್ಟು ಬಂದಳು. ಅಪ್ಪ ಸಂಜೆ ಸಂಪಿಗೆ ರಸ್ತೆಯಿಂದ ತರುತ್ತಿದ್ದುದು, ಇಬ್ಬರೂ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದುದು ಅದೇ ಹಣ್ಣು. ಹನ್ನೊಂದು ವರ್ಷದಿಂದ ಅಮ್ಮ ಅದನ್ನು ಮುಟ್ಟಿರಲಿಲ್ಲ.

ಸರದಿ ಹತ್ತಿರ ಬರುತ್ತಿತ್ತು. ಹುಡುಗಿಯ ಕಡೆ ಬಾಗಿ, "ದ್ರಾಕ್ಷಿ ಕೊಡೋಣ ಪುಟ್ಟಿ, ಅಜ್ಜಿಗೆ ಹಲ್ಲಿಲ್ಲ" ಎಂದು ಪಿಸುಗುಟ್ಟಿದೆ.

"ಇದೆ ಮಿಸ್, ಕಾಣ್ತಿದೆ. ತಂದಿರೋದನ್ನೇ ತಿನ್ನಿಸ್ಬೇಕು ಅಂತ ನೀವೇ ಹೇಳಿದ್ರಿ." ಅವಳ ತುಟಿ ಆಗಲೇ ನಡುಗುತ್ತಿತ್ತು.

ಅಜ್ಜಿ ಇದನ್ನು ತಿನ್ನುವುದಿಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಎಲ್ಲರೆದುರು ನನ್ನ ಕಾನೂನು ನಾನೇ ಮುರಿದರೆ ಮಾನ ಹೋಗುತ್ತದೆಂಬ ಹಾಳು ಜಂಬ. ಚಾಕು ನನ್ನ ಕೈಯಲ್ಲೇ ಇತ್ತು. ಹಣ್ಣನ್ನು ನಾನೇ ಹೋಳು ಮಾಡಿ ಕೊಟ್ಟೆ.

ಹುಡುಗಿ ಹೋಳನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದಳು. ಅಮ್ಮ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿದೆ.

"ಆ ಅನ್ನಿ, ಅಜ್ಜಿ."

ಅಮ್ಮ ಬಾಯಿ ತೆರೆದಳು. ನಿಧಾನವಾಗಿ ಅಗಿದು ಬೀಜದ ಸಮೇತ ನುಂಗಿದಳು. "ತುಂಬಾ ಸಿಹಿ ಕಂದಾ" ಎಂದು ಹುಡುಗಿಯ ತಲೆ ಸವರಿದಳು. ಅವಳು ಬೀಜ ಊರುವ ಹೊತ್ತಿಗೂ ಅಮ್ಮನ ತೊಡೆ ಬಿಟ್ಟು ಏಳಲಿಲ್ಲ.

ಆಟೋದಲ್ಲಿ "ತಪ್ಪಾಯ್ತಮ್ಮ" ಎಂದೆ.

"ಮಗು ಕೈ ಚಾಚಿದ್ರೆ ಇನ್ನೇನೇ ಮಾಡೋದು" ಎಂದಳು, ಅಷ್ಟೆ. ಸದ್ಯ, ಮುಗಿಯಿತು ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟೆ. ಅಮ್ಮನಿಗೆ ಕಾಫಿಯೆಂದರೆ ಪ್ರಾಣ. ಡಿಕಾಕ್ಷನ್ ಒಂಚೂರು ತೆಳುವಾದರೂ ಮುಖ ಸಿಂಡರಿಸುತ್ತಿದ್ದವಳು ಅಂದು ಲೋಟವನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿದಳು.

"ಇನ್ಮೇಲೆ ನಂಗೆ ಬೇಡ ಕಣೇ. ಅದ್ರ ಬದಲು ಇದನ್ನ ಬಿಟ್ಟಿದೀನಿ. ನಿಮ್ಮಪ್ಪನ ಹೆಸರಲ್ಲಿ ಬಿಟ್ಟಿದ್ದು, ಆ ಜಾಗ ಖಾಲಿ ಇರಬಾರ್ದು."

ಗೋಗರೆದೆ, ಅತ್ತೆ, ಬೈದೆ. ಅಮ್ಮ ಜಗ್ಗಲಿಲ್ಲ.

ಈಗ ನಾನು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ನಿಂತೇ ಕಾಫಿ ಕುಡಿಯುತ್ತೇನೆ. ಅಮ್ಮ ಆಚೆ ಪೇಪರ್ ಓದುತ್ತಿರುತ್ತಾಳೆ. "ಡಿಕಾಕ್ಷನ್ ಇವತ್ತು ಚೆನ್ನಾಗಿ ಇಳಿದಿದೆ" ಎಂದು ಅಲ್ಲಿಂದಲೇ ಹೇಳುತ್ತಾಳೆ.