ಇಡೀ ಮನೆ ತಗೊಳ್ರಿ

ಹಳೆಯ ಗೋಡೆ ಕೆಡವುವಾಗ ಏಳುವ ವಾಸನೆಯೊಂದಿದೆ. ಸುಣ್ಣ, ಒಣಮಣ್ಣು, ಎಷ್ಟೋ ವರ್ಷ ಒಲೆಯ ಹೊಗೆ ಕುಡಿದ ತೊಲೆ, ಇವೆಲ್ಲ ಕೂಡಿದ ವಾಸನೆ. ಪುಣೆಯಲ್ಲಿ ಈಗ ಒಂದಾದ ಮೇಲೊಂದು ಹಳೆಯ ವಾಡೆಮನೆಗಳು ಉರುಳುತ್ತಿವೆ. ಯಾವುದೋ ಗಲ್ಲಿಯಲ್ಲಿ ಆ ಧೂಳು ಮೂಗಿಗೆ ಬಡಿದರೆ ಸಾಕು, ನಾನು ಸೆರಗು ಮುಚ್ಚಿಕೊಂಡು ಬೇರೆ ದಾರಿ ಹಿಡಿಯುತ್ತೇನೆ. ಅಜ್ಜಿಗೆ ಧೂಳು ಆಗಿಬರುವುದಿಲ್ಲ ಎಂದು ಮೊಮ್ಮಗಳು ತಿಳಿದಿದ್ದಾಳೆ. ತಿಳಿದುಕೊಳ್ಳಲಿ ಬಿಡಿ. ಭವಾನಿ ಪೇಠೆಯಲ್ಲಿ ನಮ್ಮದೂ ಒಂದು ಮನೆಯಿತ್ತು ಎಂದು ಹೇಳಹೊರಟು ಇಂದಿಗೂ ಮಾತನ್ನು ಬೇರೆ ಕಡೆಗೆ ತಿರುಗಿಸಿಬಿಡುತ್ತೇನೆ. ನಿಮಗೂ ಅಂಥದೊಂದು ಮನೆ ಇದ್ದಿದ್ದರೆ ಹೆಚ್ಚು ವಿವರಿಸಬೇಕಾಗಿಲ್ಲ.

ನನ್ನ ಅಜ್ಜ ಸಂಕೇಶ್ವರದ ಕಡೆಯಿಂದ ಬಂದು ಪೇಠೆಯಲ್ಲಿ ಬೆಲ್ಲದ ದಲಾಲಿ ಮಾಡುತ್ತಿದ್ದರು. ಮನೆಯ ಮುಂಭಾಗ ಅವರದು: ಅಂಗಡಿ, ಪಡಸಾಲೆ, ಗೋಣಿತಟ್ಟಿನಲ್ಲಿ ಸುತ್ತಿಟ್ಟ ಬೆಲ್ಲದ ಪೆಂಟಿಗಳು, ಅವುಗಳ ಜೊತೆ ಬಿಡಾರ ಹೂಡಿದ ಇರುವೆಗಳು. ಹಿಂಭಾಗ ಗಂಗತ್ತೆಯದು. ಗಂಗತ್ತೆ ಎಂದರೆ ಅಜ್ಜನ ಮಗಳು, ನನ್ನಪ್ಪನ ಅಕ್ಕ. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಡುಗೆಮನೆ, ಬಾವಿ, ಹಿತ್ತಿಲ ಸೀತಾಫಲದ ಗಿಡ ಇಷ್ಟರಲ್ಲೇ ತನ್ನ ಸಂಸಾರ ಕಟ್ಟಿಕೊಂಡಿದ್ದಳು. ಅಪ್ಪ ರೈಲ್ವೆ ನೌಕರಿಯಲ್ಲಿ ಊರೂರು ತಿರುಗುತ್ತಿದ್ದ. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಆಕೆಯೇ. ಬೆಳಗ್ಗೆ ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತಿತ್ತು. ಮೊದಲ ರೊಟ್ಟಿ ನನಗೆ, ಬೆಣ್ಣೆ ಬೆಲ್ಲ ಸವರಿ, ಜೊತೆಗೆ ಬೈಗುಳ ಸೇರಿಸಿ. ಊರ ಹೆಂಗಸರೆಲ್ಲ ತೀರ್ಥಯಾತ್ರೆಗೆ ಹೊರಟರೂ ಅವಳು ಜಗ್ಗುತ್ತಿರಲಿಲ್ಲ, ಒಲೆ ಬಿಟ್ಟು ಎಲ್ಲಿ ಹೋಗಲಿ ಎನ್ನುತ್ತಿದ್ದಳು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರದ ನೋಟೀಸು ಬಂತು. ರಸ್ತೆ ಅಗಲ ಮಾಡುತ್ತಾರಂತೆ, ನಮ್ಮ ಅಂಗಡಿ ಮತ್ತು ಪಡಸಾಲೆ ಹೋಗುತ್ತವೆ, ಹಿಂಭಾಗ ನಮಗೇ ಉಳಿಯುತ್ತದೆ. ಅಜ್ಜನಿಗೆ ಸಿಡಿಲು ಬಡಿದ ಹಾಗಾಯಿತು. ಪಕ್ಕದ ಓಣಿಯ ಮರಾಠಿ ವಕೀಲರು ಬಂದು ಕಾಯ್ದೆ ಬಿಡಿಸಿ ಹೇಳಿದರು. ರಸ್ತೆಯನ್ನು ತಡೆಯುವುದು ಕಷ್ಟ, ಆದರೆ ಮನೆಯನ್ನು ತುಂಡು ಮಾಡಲು ಒಪ್ಪದಿರುವ ಹಕ್ಕು ಒಡೆಯನಿಗಿದೆ. ತೆಗೆದುಕೊಳ್ಳುವುದಾದರೆ ಇಡೀ ಮನೆ ತೆಗೆದುಕೊಳ್ಳಿ ಎಂದು ಒಡೆಯ ಬಯಸಿದರೆ ಸರ್ಕಾರ ಬರೀ ಅರ್ಧವನ್ನು ಮುಟ್ಟುವಂತಿಲ್ಲ; ಒಂದೋ ಪೂರ್ತಿ ಕೊಳ್ಳಬೇಕು, ಇಲ್ಲವೇ ಬಿಟ್ಟು ಹೋಗಬೇಕು. ಪರಿಹಾರದ ತೀರ್ಮಾನ ಆಗುವವರೆಗೆ ಒಡೆಯ ಆ ಮಾತನ್ನು ಹಿಂತೆಗೆದುಕೊಳ್ಳಲೂಬಹುದು ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಅಜ್ಜನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಬೆಲ್ಲದ ಪೇಟೆಯಲ್ಲಿ ವ್ಯಾಪಾರ ನಡೆಯುವುದು ರುಮಾಲಿನ ಕೆಳಗೆ, ಬೆರಳು ಹಿಡಿದು ದರ ಹೇಳುವುದರಲ್ಲಿ. ಗಿರಾಕಿ ಬೇಡವಾದರೆ ಭಾರೀ ದರ ಹಿಡಿಯಬೇಕು, ಅವನೇ ಕೈ ಬಿಟ್ಟು ಹೋಗುತ್ತಾನೆ. ಸರ್ಕಾರವೂ ಒಬ್ಬ ಗಿರಾಕಿ ಎಂದುಕೊಂಡರು ಅಜ್ಜ. ಯುದ್ಧದ ಖರ್ಚಿನಲ್ಲಿ ಬೆಂದವರು ಹಳೇ ಅಡುಗೆಮನೆಗೆ ದುಡ್ಡು ಸುರಿದಾರೇ? ಇಡೀ ಮನೆ ತೆಗೆದುಕೊಳ್ಳಿ ಎಂದು ಬರೆದುಕೊಟ್ಟು ಬಂದು, ಕಟ್ಟೆಯ ಮೇಲೆ ಕೂತು ಪೇಠೆಯವರಿಗೆಲ್ಲ ಹೇಳಿದರು. ಎಲ್ಲರೂ ಭೇಷ್ ಎಂದರು. ಭೇಷ್ ಎನ್ನುವವರಿಗೇನು, ಅವರ ಗಂಟು ಹೋಗುವುದಿತ್ತೇ?

ಸರ್ಕಾರ ಕೈ ಬಿಡಲಿಲ್ಲ. ಸಾಮಾನು ಇಡಲು ಜಾಗ ಬೇಕಾಗಿತ್ತಂತೆ, ಒಪ್ಪಿಬಿಟ್ಟಿತು. ವಕೀಲರು ಓಡಿ ಬಂದರು. ಇನ್ನೂ ವೇಳೆಯಿದೆ, ಹಿಂತೆಗೆದುಕೊಂಡೆ ಎಂದು ಒಂದು ಸಾಲು ಬರೆದರೆ ಸಾಕು, ಹಿಂದಿನ ಮನೆ ಉಳಿಯುತ್ತದೆ, ಇದರಲ್ಲಿ ಅವಮಾನವೇನೂ ಇಲ್ಲ, ಕಾಯ್ದೆಯೇ ಬಾಗಿಲು ತೆರೆದಿಟ್ಟಿದೆ ಎಂದು ಬಗೆಬಗೆಯಾಗಿ ಹೇಳಿದರು. ಅಜ್ಜ ನೆಲ ನೋಡುತ್ತ ಕೂತಿದ್ದರು. "ಕೊಟ್ಟ ಬೆರಳು ಹಿಂದ ತಗೊಂಡಾವ ನಾಳೆ ಪ್ಯಾಟ್ಯಾಗ ಹೆಂಗ ನಿಲ್ಲಬೇಕ್ರಿ?" ಎಂದರು. ಗಂಡಸರು ಮಾತಾಡುವಾಗ ಪಡಸಾಲೆಗೆ ಬಾರದ ಗಂಗತ್ತೆ ಅಂದು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ಅಪ್ಪಾ, ಅಂಗಡಿ ನಿಮ್ಮದು, ಮಾತೂ ನಿಮ್ಮದು. ಒಲಿ ನಂದಲ್ಲೇನ್ರಿ?" ಅಜ್ಜ ತಲೆ ಎತ್ತಲಿಲ್ಲ. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು, ಗಂಗಾ" ಎಂದಷ್ಟೇ ಹೇಳಿದರು. ಎಂಥ ಸುಡುಗಾಡು ಮಾತು ಅದು! ನನಗೆ ಇಂದಿಗೂ ಸಿಟ್ಟು ಬರುತ್ತದೆ. ಕಾಯ್ದೆ ಕೇಳಿದ್ದು ಒಡೆಯನ ಇಚ್ಛೆಯನ್ನು ಮಾತ್ರ, ಅವಳ ಇಚ್ಛೆ ಕೇಳುವ ಕಲಮು ಅದರಲ್ಲಿರಲಿಲ್ಲ. ಆಕೆ ಒಳಗೆ ಹೋಗಿ ಉಳಿದ ರೊಟ್ಟಿ ಬಡಿದಳು.

ಪರಿಹಾರ ನ್ಯಾಯವಾಗಿಯೇ ಬಂತು, ಸುಳ್ಳು ಹೇಳಬಾರದು. ನಾವು ನಾನಾ ಪೇಠೆಯ ಬಾಡಿಗೆ ಕೋಣೆಗಳಿಗೆ ಹೋದೆವು. ಅಲ್ಲಿ ಒಲೆ ಇತ್ತು, ಹೊಗೆ ಹೋಗಲು ದಾರಿಯಿರಲಿಲ್ಲ. ಗಂಗತ್ತೆ ಕೆಮ್ಮುತ್ತ ಅಡುಗೆ ಮಾಡುತ್ತಿದ್ದಳು. ಪೇಟೆಯಲ್ಲಿ ಅಜ್ಜನ ಮಾತಿಗೆ ಬೆಲೆ ಉಳಿಯಿತು, ಆದರೆ ಅದನ್ನು ಅನುಭವಿಸಲು ಅವರು ಹೆಚ್ಚು ದಿನ ಉಳಿಯಲಿಲ್ಲ. ಮಗಳ ಕೈಯ ರೊಟ್ಟಿ ತಿನ್ನುವಾಗ ಕೊನೆಯವರೆಗೂ ಅವಳ ಮುಖ ನೋಡುತ್ತಿರಲಿಲ್ಲ. ರಸ್ತೆ ಮೊದಲು ಗೆರೆ ಎಳೆದಲ್ಲಿಗೇ ನಿಂತಿತು. ಅಂಗಡಿ, ಪಡಸಾಲೆ ನೆಲಸಮವಾದವು. ಹಿಂಭಾಗವನ್ನು ಯಾರೂ ಕೆಡವಲಿಲ್ಲ, ಡಾಂಬರಿನ ಪೀಪಾಯಿ ತುಂಬಿ ಒಬ್ಬ ಕಾವಲುಗಾರನನ್ನು ಇಟ್ಟರು.

ಅಜ್ಜ ತೀರಿಕೊಂಡ ಮೇಲೆ ಒಂದು ಬೇಸಿಗೆಯಲ್ಲಿ ನಾನೂ ಗಂಗತ್ತೆಯೂ ಆ ರಸ್ತೆಯಲ್ಲಿ ಬರುತ್ತಿದ್ದೆವು. ಯಾವಾಗಲೂ ಸುತ್ತು ಹಾಕಿ ಹೋಗುತ್ತಿದ್ದವಳು ಅಂದು ನೇರ ಹೋಗಿ ನಮ್ಮ ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತಳು. ಒಳಗೆ ಕಾವಲುಗಾರ ಅವಳ ಒಲೆಯ ಮೇಲೆ ಜೋಳದ ಭಾಕರಿ ಬೇಯಿಸುತ್ತಿದ್ದ. ಕುಡಿಯಲು ಸ್ವಲ್ಪ ನೀರು ಸಿಗಬಹುದೇ ಎಂದು ಅತ್ತೆ ಮರಾಠಿಯಲ್ಲಿ ಕೇಳಿದಳು. ಆ ಹೊಸ್ತಿಲಲ್ಲಿ ನಿಂತು ಅವಳು ಕನ್ನಡವಲ್ಲದ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ. ಅವನು ಒಳ್ಳೆಯ ಮನುಷ್ಯ. ಭಾಕರಿ ಮಗುಚುತ್ತಲೇ, ಹಿಂದೆ ಒಂದು ಬಾವಿಯಿದೆ ತಾಯೀ, ಈ ಪೀಪಾಯಿಗಳ ಬದಿಯಿಂದ ಹೋಗಿ, ಅಲ್ಲೊಂದು ಮೆಟ್ಟಿಲಿದೆ, ಎಡವೀರಿ ಎಂದು ಕೈ ತೋರಿಸಿದ. ಗಂಗತ್ತೆ ತಲೆಯಾಡಿಸಿ, ಹೊಸಬಳಂತೆ ನೆಲ ನೋಡಿಕೊಂಡು, ಅವನು ತೋರಿಸಿದ ಕಡೆಗೇ ನಡೆದಳು.